ಹುಮನಾಬಾದ್, ಬಸವಕಲ್ಯಾಣದಿಂದ ಪಿಜಿಗೆ ಹೊರಟವರು

ಪದವಿಯ ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದ ಮೇಲೆ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಮನೆಗಳಲ್ಲಿ ಏಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: ಮುಂದೆ ಬಿ.ಎಡ್ಡೋ, ಪಿಜಿಯೋ, ಇಲ್ಲ ಹೈದರಾಬಾದಿಗೆ ಕೆಲಸಕ್ಕೋ? ಕೆಲಸಕ್ಕೆ ಹೋಗುವವರಿಗೆ ದಾರಿ ಹುಡುಕಬೇಕಾಗಿಲ್ಲ. ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದಿನ ಮೇಲೆಯೇ ಹಾದುಹೋಗುತ್ತದೆ. ಬಸವಕಲ್ಯಾಣದವರು ಸಸ್ತಾಪುರ ಬಂಗ್ಲಾದಲ್ಲಿ ನಿಂತರೆ ಬಸ್ಸು ಸಿಗುತ್ತದೆ. ಬಿ.ಎಡ್. ಮಾಡಿದರೆ ಮೇಷ್ಟ್ರ ಕೆಲಸದ ಆಸೆಯಾದರೂ ಇರುತ್ತದೆ. ಪಿಜಿಯ ಫಲವನ್ನು ಅಪ್ಪ–ಅವ್ವನಿಗೆ ಹಾಗೆ ಬಿಡಿಸಿ ಹೇಳುವುದು ಕಷ್ಟ. ಆದರೂ ಪ್ರತಿವರ್ಷ ಈ ಎರಡು ತಾಲ್ಲೂಕುಗಳ ಹುಡುಗ–ಹುಡುಗಿಯರು ಕಲಬುರಗಿಗೆ, ಬೀದರಿಗೆ, ಒಮ್ಮೊಮ್ಮೆ ಧಾರವಾಡಕ್ಕೆ, ಬೆಂಗಳೂರಿಗೆ ಎಂ.ಎ., ಎಂ.ಕಾಂ., ಎಂ.ಎಸ್ಸಿ. ಓದಲು ಹೋಗುತ್ತಾರೆ. ಅವರಲ್ಲಿ ಬಹುಪಾಲು ಮಂದಿ ತಮ್ಮ ಮನೆತನದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವ ಮೊದಲಿಗರು.

ಈ ಭಾಗದ ಉನ್ನತ ಶಿಕ್ಷಣದ ಬಗ್ಗೆ ಮಾತು ಬಂದಾಗಲೆಲ್ಲ ದಶಕಗಳ ಕಾಲ ಕೇಳಿದ ದೂರು, ವಿಶ್ವವಿದ್ಯಾಲಯ ದೂರವಿದೆ ಎಂಬುದು. 2023ರಿಂದ ಜಿಲ್ಲೆಗೇ ಒಂದು ವಿಶ್ವವಿದ್ಯಾಲಯ ಬಂದಿದೆ. ದೂರದ ಮಾತು ಅರ್ಧ ಮುಗಿದಂತಾಯಿತು. ಹಾಗಾದರೆ ವಿದ್ಯಾರ್ಥಿಯ ಅನುಭವ ಬದಲಾಯಿತೇ? ನನ್ನ ತಿಳಿವಳಿಕೆಯಲ್ಲಿ ಅದನ್ನು ತೀರ್ಮಾನಿಸುವುದು ಬೇರೆ ಎರಡು ಸಂಗತಿ: ಸೇರಿದ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಜನ ಇದ್ದಾರೆ, ಮತ್ತು ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತೋ ಇಲ್ಲವೋ. ಉಳಿದ ಕಷ್ಟಗಳೆಲ್ಲ ಇವೆರಡರ ಸುತ್ತಲೇ ಇವೆ.

ಮೊದಲು ಹಿಂದಿನದನ್ನು ನೋಡೋಣ. ನಿಜಾಮರ ಕಾಲದಲ್ಲಿ ಇಲ್ಲಿಯವರಿಗೆ ವಿಶ್ವವಿದ್ಯಾಲಯವೆಂದರೆ ಹೈದರಾಬಾದಿನ ಉಸ್ಮಾನಿಯಾ. 1918ರಲ್ಲಿ ಶುರುವಾದ ಅದು ಉರ್ದುವಿನಲ್ಲಿ ಪಾಠ ಹೇಳುತ್ತಿತ್ತು. ಮನೆಯಲ್ಲಿ ಕನ್ನಡ ಅಥವಾ ಮರಾಠಿ ಆಡುವ ಹುಡುಗ ಉರ್ದುವಿನಲ್ಲಿ ಗಣಿತ, ಕಾನೂನು ಓದಿ ಬರುತ್ತಿದ್ದ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ ಕಡೆಯದು ಮುಂಬೈ ರಾಜ್ಯಕ್ಕೆ, ಜಹೀರಾಬಾದ್ ಕಡೆಯದು ಆಂಧ್ರಕ್ಕೆ, ಉಳಿದದ್ದು ಮೈಸೂರು ರಾಜ್ಯಕ್ಕೆ. ಆಗಿನಿಂದ ಬಸವಕಲ್ಯಾಣದ ವಿದ್ಯಾರ್ಥಿಯ ವಿಶ್ವವಿದ್ಯಾಲಯ ಧಾರವಾಡಕ್ಕೆ ಸರಿಯಿತು. ನಾಲ್ಕು ತಾಸಿನಲ್ಲಿ ಮುಟ್ಟಬಹುದಾದ ಹೈದರಾಬಾದ್ ಬೇರೆ ರಾಜ್ಯವಾಯಿತು, ರಾತ್ರಿಯೆಲ್ಲ ಪಯಣಿಸಿ ಮುಟ್ಟಬೇಕಾದ ಧಾರವಾಡ ನಮ್ಮದಾಯಿತು. ಕರ್ನಾಟಕ ವಿಶ್ವವಿದ್ಯಾಲಯ 1970ರಲ್ಲಿ ಕಲಬುರಗಿಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು; 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಹುಮನಾಬಾದಿನಿಂದ ಸುಮಾರು 60 ಕಿಲೋಮೀಟರ್, ಬಸವಕಲ್ಯಾಣದಿಂದ ಸುಮಾರು 80. ಮುಂದೆ ನಾಲ್ಕು ದಶಕ ಈ ಎರಡು ತಾಲ್ಲೂಕುಗಳ ಎಂ.ಎ. ಅಂದರೆ ಜ್ಞಾನಗಂಗಾ ಆವರಣ. ಇಂದು ಇಲ್ಲಿಯ ಕಾಲೇಜುಗಳಲ್ಲಿ ಪಾಠ ಹೇಳುವವರಲ್ಲಿ ಹೆಚ್ಚಿನವರು ಅಲ್ಲಿಂದಲೇ ಬಂದವರು.

ಆ ಆವರಣದಲ್ಲಿ ಓದಿದ ತಲೆಮಾರಿನವರ ನೆನಪುಗಳನ್ನು ಕೇಳಿದರೆ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಪಾಠ ಹೇಗಿತ್ತು ಎಂಬುದಕ್ಕಿಂತ ಮೊದಲು ಅವರು ಹಾಸ್ಟೆಲಿನ ಮಾತು ಎತ್ತುತ್ತಾರೆ: ರಾಯಚೂರು, ಬಳ್ಳಾರಿ, ಕೊಪ್ಪಳದಿಂದ ಬಂದ ಗೆಳೆಯರು, ರಾತ್ರಿಯ ಚರ್ಚೆ, ಹಿರಿಯ ವಿದ್ಯಾರ್ಥಿಗಳು ಕೈಗೆ ಕೊಟ್ಟ ನೋಟ್ಸು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಚಳವಳಿಗಳ ಪರಿಚಯ. ದಲಿತ ಮತ್ತು ಹಿಂದುಳಿದ ಸಮುದಾಯಗಳಿಂದ ಬಂದ ಅನೇಕ ಬರಹಗಾರರು, ಅಧ್ಯಾಪಕರು, ಅಧಿಕಾರಿಗಳು ತಮ್ಮ ಎರಡನೆಯ ಹುಟ್ಟು ಅಲ್ಲಿ ಆಯಿತೆಂದು ಹೇಳುವುದರಲ್ಲಿ ಉತ್ಪ್ರೇಕ್ಷೆಯಿಲ್ಲ. ಊರಿನಲ್ಲಿ ಹೆಸರಿನ ಜೊತೆಗೇ ಜಾತಿ ಅಂಟಿಕೊಂಡು ಬದುಕಿದವರಿಗೆ ಹಾಸ್ಟೆಲಿನ ಕೋಣೆ ಕೊಟ್ಟ ಬಿಡುಗಡೆ ಸಣ್ಣದಲ್ಲ.

ಹೊಸ ವಿಶ್ವವಿದ್ಯಾಲಯದ ಕಥೆ ಇದಕ್ಕಿಂತ ಬೇರೆ. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿತ್ತು. ರಾಜ್ಯ ಸರ್ಕಾರ ಒಂದೇ ಏಟಿಗೆ ಏಳು ಹೊಸ ವಿಶ್ವವಿದ್ಯಾಲಯಗಳನ್ನು ಘೋಷಿಸಿದಾಗ ಆ ಕೇಂದ್ರವೇ ಬೀದರ್ ವಿಶ್ವವಿದ್ಯಾಲಯವಾಯಿತು; ಹಾವೇರಿ, ಹಾಸನ, ಕೊಡಗು, ಚಾಮರಾಜನಗರ, ಕೊಪ್ಪಳ, ಬಾಗಲಕೋಟೆ ಉಳಿದ ಆರು. 2023ರ ಮಾರ್ಚಿನಲ್ಲಿ ಉದ್ಘಾಟನೆ ನಡೆಯಿತು. ಇದ್ದ ಕಟ್ಟಡ, ಇದ್ದ ಸಿಬ್ಬಂದಿಯ ಮೇಲೆಯೇ ಇವು ನಿಲ್ಲಬೇಕೆಂಬುದು ಆಗಿನ ಯೋಚನೆ. ಎರಡು ವರ್ಷವೂ ತುಂಬಿರಲಿಲ್ಲ, 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ, ಈ ಏಳೂ ಸೇರಿ ಹೊಸ ಹತ್ತು ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ನಿಲುವು ತಳೆಯಿತು. ಬಿಟ್ಟದ್ದು ಬೀದರನ್ನು ಮಾತ್ರ. ಅದರ ವ್ಯಾಪ್ತಿಗೆ ಸೇರಿದ ಕಾಲೇಜುಗಳ ಸಂಖ್ಯೆ ದೊಡ್ಡದಿದೆ ಎಂಬುದು ಕಾರಣ. ನಮ್ಮ ಕಡೆಯವರಿಗೆ ಸಮಾಧಾನ ತಂದ ಸುದ್ದಿಯೇ ಹೌದು. ಆದರೆ ಆ ಕಾರಣವನ್ನು ಸ್ವಲ್ಪ ನಿಂತು ನೋಡಬೇಕು. ಕಾಲೇಜುಗಳು ಹೆಚ್ಚಿದ್ದರೆ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ ಹೆಚ್ಚು ಬರುತ್ತದೆ, ವಿಶ್ವವಿದ್ಯಾಲಯದ ಕಚೇರಿ ನಡೆಯುತ್ತದೆ. ಎಂ.ಎ. ತರಗತಿಗೆ ಅಧ್ಯಾಪಕರನ್ನು ತಂದುಕೊಡುವ ಕೆಲಸ ಅದರಿಂದ ತಾನಾಗಿ ಆಗುವುದಿಲ್ಲ. ಪದವಿ ಪರೀಕ್ಷೆ ನಡೆಸುವ ಸಂಸ್ಥೆಯಾಗಿ ಬೀದರ್ ವಿಶ್ವವಿದ್ಯಾಲಯ ಉಳಿದುಕೊಂಡಿದೆ. ಸ್ನಾತಕೋತ್ತರ ಕಲಿಕೆಯ ಜಾಗವಾಗಿ ಅದನ್ನು ಇನ್ನೂ ಕಟ್ಟಬೇಕಾಗಿದೆ.

ತಾಯಿ ವಿಶ್ವವಿದ್ಯಾಲಯದ ಸ್ಥಿತಿಯೂ ಹೇಳಿಕೊಳ್ಳುವಂತಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಮಂಜೂರಾದ ಬೋಧಕ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಬಿದ್ದಿರುವುದು ಹಲವು ವರ್ಷಗಳ ಸುದ್ದಿ. ನಿವೃತ್ತರಾದವರ ಜಾಗ ತುಂಬದೆ ವಿಭಾಗಗಳು ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿವೆ. ಅತಿಥಿ ಉಪನ್ಯಾಸಕರ ಪಾಠ ಕಡಿಮೆ ದರ್ಜೆಯದು ಎಂದು ನಾನು ಹೇಳುತ್ತಿಲ್ಲ. ಎಷ್ಟೋ ವಿಭಾಗಗಳಲ್ಲಿ ಹೊಸ ಓದು ತಂದವರು ಅವರೇ. ಆದರೆ ಗೌರವಧನ ಸಿಗುವ ತಿಂಗಳುಗಳಿಗಷ್ಟೇ ನೇಮಕವಾಗುವ ಒಬ್ಬರು ಎರಡು ವರ್ಷದ ವಿದ್ಯಾರ್ಥಿಯನ್ನು ಕೈಹಿಡಿದು ನಡೆಸುವುದು ಹೇಗೆ? ಮೊದಲ ಸೆಮಿಸ್ಟರಿನಲ್ಲಿ ಪಾಠ ಹೇಳಿದವರು ಮೂರನೆಯ ಸೆಮಿಸ್ಟರಿಗೆ ಇರುತ್ತಾರೆಂಬ ಖಾತ್ರಿ ಇಲ್ಲ. ನೇಮಕದ ಆದೇಶ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಪಾಠವಿಲ್ಲದೇ ಕಳೆಯುತ್ತವೆ. ಕೆಲಸಕ್ಕೆ ಅರ್ಜಿ ಹಾಕುವಾಗ ಶಿಫಾರಸು ಪತ್ರ ಬರೆಯುವವರಿಲ್ಲ, ಸಂಶೋಧನೆಯ ಆಸೆ ಹುಟ್ಟಿದರೆ ಕೇಳಲು ಯಾರೂ ಇಲ್ಲ. ವಿದ್ಯಾರ್ಥಿ ಇದನ್ನು ಅಧ್ಯಾಪಕರ ಕೊರತೆ ಎಂದು ಗುರುತಿಸುವುದು ಕಡಿಮೆ. ತನ್ನಲ್ಲೇ ಏನೋ ಕಡಿಮೆ ಎಂದುಕೊಂಡು ಸುಮ್ಮನಾಗುತ್ತಾನೆ. ಈ ವಿಷಯದಲ್ಲಿ ನನಗೆ ಅತಿ ನೋವು ಕೊಡುವ ಸಂಗತಿ ಇದು.

ಇನ್ನು ಹಾಸ್ಟೆಲು. ವಿಶ್ವವಿದ್ಯಾಲಯ ಹತ್ತಿರ ಬಂದದ್ದರ ಒಂದು ಪರಿಣಾಮವನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ದೂರವಿದ್ದಾಗ ವಿದ್ಯಾರ್ಥಿ ಅಲ್ಲಿಯೇ ಉಳಿಯುವುದು ಅನಿವಾರ್ಯವಾಗಿತ್ತು. ಹತ್ತಿರವಾದಾಗ ಮನೆಯಿಂದಲೇ ಹೋಗಿ ಬರುವುದು ಸಹಜವಾಯಿತು. ಬೀದರ್–ಕಲಬುರಗಿ ನಡುವಿನ 110 ಕಿಲೋಮೀಟರ್ ರೈಲು ಮಾರ್ಗ 2017ರ ಅಕ್ಟೋಬರಿನಲ್ಲಿ ಪೂರ್ತಿ ತೆರೆದಾಗ ಹುಮನಾಬಾದಿನಿಂದ ಕಲಬುರಗಿಗೆ ರೈಲು ಸಿಕ್ಕಿತು. ಬಸವಕಲ್ಯಾಣಕ್ಕೆ ಇನ್ನೂ ಇಲ್ಲ. ಅಲ್ಲಿಯವರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸೇ ಗತಿ. ಬಸ್ ಪಾಸಿನ ವಿದ್ಯಾರ್ಥಿಯ ದಿನ ಹೀಗಿರುತ್ತದೆ: ನಸುಕಿನಲ್ಲೇ ಎದ್ದು ಹೊಲ, ಹೈನದ ಕೆಲಸ ಒಂದಿಷ್ಟು ಮುಗಿಸಿ ಊರಿನ ಬಸ್ಸಿನಲ್ಲಿ ತಾಲ್ಲೂಕು ಸ್ಥಳಕ್ಕೆ ಬರಬೇಕು, ಅಲ್ಲಿ ಬಸ್ಸು ಬದಲಿಸಬೇಕು, ಮೊದಲ ತರಗತಿ ಅರ್ಧ ಆದ ಮೇಲೆ ತಲುಪಬೇಕು. ಮಧ್ಯಾಹ್ನದ ಮೇಲೆ ಗ್ರಂಥಾಲಯಕ್ಕೆ ಹೋಗೋಣವೆಂದರೆ ಕೊನೆಯ ಊರ ಬಸ್ಸು ತಪ್ಪುತ್ತದೆ. ತರಗತಿಯ ಹೊರಗೆ ನಡೆಯುವ ವಿಚಾರ ಸಂಕಿರಣ, ಸಂಜೆಯ ಮಾತು, ಗೆಳೆತನ, ಜಗಳ ಯಾವುದೂ ಅವನ ಪಾಲಿಗಿಲ್ಲ. ಪರೀಕ್ಷೆಗೆ ಝೆರಾಕ್ಸ್ ಅಂಗಡಿಯ ನೋಟ್ಸು ಸಾಕಾಗುತ್ತದೆ, ಪಾಸೂ ಆಗುತ್ತಾನೆ. ಎಂ.ಎ. ಪ್ರಮಾಣಪತ್ರ ಪೂರ್ತಿ ಸಿಗುತ್ತದೆ, ಎಂ.ಎ. ಅರ್ಧ ಸಿಗುತ್ತದೆ.

ಹೆಣ್ಣುಮಕ್ಕಳ ಲೆಕ್ಕದಲ್ಲಿ ಮಾತ್ರ ಹತ್ತಿರವಾದದ್ದು ದೊಡ್ಡ ಲಾಭ, ಅದನ್ನು ಒಪ್ಪಲೇಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸಿನ ಖರ್ಚಿನ ಮಾತೇ ಇಲ್ಲ. ಕಲಬುರಗಿಯ ಹಾಸ್ಟೆಲಿಗೆ ಕಳಿಸಲು ಒಪ್ಪದ ತಂದೆ ಹಾಲಹಳ್ಳಿಗೆ ದಿನಾ ಹೋಗಿ ಬರಲು ಒಪ್ಪುತ್ತಾನೆ. ಹಾಗೆ ಒಪ್ಪಿದ ಎರಡು ವರ್ಷ ಅವಳ ಮದುವೆಯನ್ನೂ ಎರಡು ವರ್ಷ ಮುಂದಕ್ಕೆ ತಳ್ಳುತ್ತದೆ; ಅಷ್ಟರಲ್ಲಿ ಬಿ.ಎಡ್. ಪ್ರವೇಶವೋ, ಒಂದು ನೌಕರಿಯ ಪರೀಕ್ಷೆಯೋ ಕೈಗೆ ಸಿಕ್ಕರೆ ಬದುಕಿನ ದಾರಿಯೇ ಬೇರೆ. ಆದರೆ ನಡುವಿನಲ್ಲೇ ಮದುವೆಯಾಗಿ ಜಹೀರಾಬಾದಿಗೋ ಸೋಲಾಪುರಕ್ಕೋ ಹೋದವರು ಮೂರನೆಯ ಸೆಮಿಸ್ಟರಿನ ಹೊತ್ತಿಗೆ ಹಾಜರಿ ಪುಸ್ತಕದಿಂದ ಕಾಣೆಯಾಗುತ್ತಾರೆ. ವಿಶ್ವವಿದ್ಯಾಲಯಗಳು ಬಿಟ್ಟುಹೋದವರ ಬೆನ್ನು ಹತ್ತಿ ವಿಚಾರಿಸುವುದು ಎಲ್ಲೂ ರೂಢಿಯಲ್ಲಿಲ್ಲ. ಹಾಲಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಸಾಕಷ್ಟು ದೊಡ್ಡ, ಭದ್ರವಾದ ಹಾಸ್ಟೆಲು ಕಟ್ಟುವುದು ಹೊಸ ಆಡಳಿತ ಕಟ್ಟಡಕ್ಕಿಂತ ಮೊದಲ ಕೆಲಸವಾಗಬೇಕು.

ಪ್ರವೇಶದ ಹಂತದಲ್ಲಿ ಈ ಭಾಗಕ್ಕೆ ಸಿಕ್ಕ ಬಲ 371(ಜೆ). ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಬಂದ ಈ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದೆಡೆ ಶೇ 8. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಈ ಭಾಗದವು. ಬಸವಕಲ್ಯಾಣವೂ ಹುಮನಾಬಾದೂ ಆ ಪಟ್ಟಿಯಲ್ಲಿದ್ದವು. ಶೇ 8ರ ಪಾಲಿನಿಂದ ಬೆಂಗಳೂರು, ಮೈಸೂರಿನ ಒಳ್ಳೆಯ ವಿಭಾಗಗಳ ಬಾಗಿಲು ತೆರೆದದ್ದು ನಿಜ. ಇದಕ್ಕೆ ಬೇಕಾದ ಪ್ರಮಾಣಪತ್ರ ಬಸವಕಲ್ಯಾಣದ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ. ಪದವಿಯ ಕೊನೆಯ ವರ್ಷದಲ್ಲೇ ಮಾಡಿಸಿಟ್ಟುಕೊಳ್ಳದೆ, ಕೌನ್ಸೆಲಿಂಗ್ ದಿನಾಂಕ ಬಂದ ಮೇಲೆ ಓಡಾಡುವವರು ಈಗಲೂ ಬಹಳ. ಪ್ರವೇಶದಿಂದ ಅಂಕಪಟ್ಟಿಯವರೆಗೆ ಎಲ್ಲವೂ ಯುಯುಸಿಎಂಎಸ್ ಜಾಲಕ್ಕೆ ಹೋದ ಮೇಲೆ ಓಡಾಟ ತಗ್ಗಿತು, ಆದರೆ ಹೆಸರಿನ ಒಂದು ಅಕ್ಷರ ತಪ್ಪಿದರೆ ಸರಿಪಡಿಸಲು ಯಾರ ಮೇಜಿಗೆ ಹೋಗಬೇಕೆಂದು ಹಳ್ಳಿಯ ಹುಡುಗನಿಗೆ ಹೇಳುವವರಿಲ್ಲ.

ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ. ಸರ್ಕಾರಿ ವಿಶ್ವವಿದ್ಯಾಲಯದ ಶುಲ್ಕ ಕಡಿಮೆ, ಬದುಕುವ ಖರ್ಚೇ ಭಾರ. ಹಾಸ್ಟೆಲು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿಯಡಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ನೆರವು ನಿಗದಿಯಾಯಿತು. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದುವ ರೈತ ಮಕ್ಕಳಲ್ಲಿ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000. ಕಲಬುರಗಿಯಲ್ಲಿ ಕೋಣೆ ಬಾಡಿಗೆ, ಮೆಸ್ಸಿನ ಲೆಕ್ಕ ಗೊತ್ತಿದ್ದವರಿಗೆ ಇದರ ಮಿತಿ ಹೇಳಬೇಕಿಲ್ಲ. ಇನ್ನೊಂದು ಕಡೆ, 2024ರ ಜನವರಿಯಲ್ಲಿ ಶುರುವಾದ ಯುವನಿಧಿ ಕೆಲಸವಿಲ್ಲದ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ, ಆದರೆ ಮುಂದೆ ಓದಲು ಹೋದವನಿಗೆ ಕೊಡುವುದಿಲ್ಲ. ಓದುವವನ ಕೈ ಹಿಡಿಯಬೇಕಾದ ಸರ್ಕಾರ ಹೀಗೆ ಮನೆಯಲ್ಲಿ ಕೂತವನಿಗೆ ಹೆಚ್ಚು ಕೊಡುವ ಲೆಕ್ಕವನ್ನು ಸರಿಪಡಿಸಲೇಬೇಕು.

ಕೆಲಸದಲ್ಲಿರುವವರ ಪಾಲಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ದೊಡ್ಡ ಆಸರೆಯಾಗಿತ್ತು. ಅದರ ಮಾನ್ಯತೆಯನ್ನು 2015ರಲ್ಲಿ ಯುಜಿಸಿ 2013–14ರಿಂದಲೇ ಅನ್ವಯವಾಗುವಂತೆ ಕಳಚಿದಾಗ ಈಗಾಗಲೇ ಫೀ ಕಟ್ಟಿ ಓದುತ್ತಿದ್ದವರು ಅತಂತ್ರರಾದರು. ಅಂಗಡಿ ನೋಡಿಕೊಳ್ಳುತ್ತಲೋ, ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಲೋ ಎಂ.ಎ. ಕಟ್ಟಿದ್ದವರಿಗೆ ಆದ ಹೊಡೆತ ಅದು. 2018–19ರಲ್ಲಿ ಮಾನ್ಯತೆ ಮರಳಿತು. ನಂಬಿಕೆ ಮರಳಲು ಇನ್ನೂ ಹೆಚ್ಚು ಕಾಲ ಹಿಡಿಯಿತು.

ಇನ್ನು ಭಾಷೆ; ಇದರ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳಬೇಕು. ಹುಮನಾಬಾದಿನ ಒಬ್ಬ ಸಾಮಾನ್ಯ ವಿದ್ಯಾರ್ಥಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ದಖನಿ, ನೆಂಟರಲ್ಲಿ ಮರಾಠಿ ಆಡುತ್ತಾನೆ, ತೆಲುಗು ಅರ್ಥ ಮಾಡಿಕೊಳ್ಳುತ್ತಾನೆ. ಇಂಗ್ಲಿಷ್ ಒಂದು ಬರದೆ ತರಗತಿಯಲ್ಲಿ ತಲೆ ತಗ್ಗಿಸಿ ಕೂರುತ್ತಾನೆ. ಅರ್ಥಶಾಸ್ತ್ರ, ಇತಿಹಾಸ, ರಾಜ್ಯಶಾಸ್ತ್ರದಲ್ಲಿ ಕನ್ನಡದಲ್ಲಿ ಉತ್ತರ ಬರೆಯಬಹುದಾದರೂ ಎಂ.ಎ. ಮಟ್ಟದ ಒಳ್ಳೆಯ ಪುಸ್ತಕಗಳು ಕನ್ನಡದಲ್ಲಿ ಬೆರಳೆಣಿಕೆ. 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಈಗ ಪಕ್ಕದ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಅಖಿಲ ಭಾರತ ಮಟ್ಟದ ಸಿಯುಇಟಿ ಪರೀಕ್ಷೆ ಬರೆದು ಅಲ್ಲಿಗೆ ಸೇರುವ ಧೈರ್ಯ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಎಷ್ಟು ಮಕ್ಕಳು ಮಾಡುತ್ತಾರೆ? ನೀಟ್ ತರಬೇತಿಗೆ ರಾಜ್ಯದಲ್ಲೇ ಹೆಸರಾದ ಜಿಲ್ಲೆಯಲ್ಲಿ ಬಿ.ಎ. ಓದಿದವನಿಗೆ ಇಂಥ ಪರೀಕ್ಷೆಯ ಸುದ್ದಿಯೇ ತಡವಾಗಿ ಮುಟ್ಟುತ್ತದೆ.

ಆದರೆ ಇದೇ ವಿದ್ಯಾರ್ಥಿಯ ನಾಲ್ಕು ಭಾಷೆ ಬೇರೆಲ್ಲೂ ಸಿಗದ ಬಂಡವಾಳ. ಮಾಣಿಕನಗರದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿ ಎಂದು ಹಲವು ಭಾಷೆಗಳಲ್ಲಿ ಪದ ಕಟ್ಟಿದವರು. ನಿಜಾಮರ ಕಾಲದ ಕಂದಾಯ ದಾಖಲೆಗಳು ಉರ್ದುವಿನಲ್ಲಿವೆ, ಮನೆತನಗಳ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿವೆ, ಜಲಸಂಗ್ವಿ, ನಾರಾಯಣಪುರದ ದೇವಾಲಯಗಳ ಕಾಲ ಕಲ್ಯಾಣ ಚಾಳುಕ್ಯರದು. ಜಲಸಂಗ್ವಿಯ ಗೋಡೆಯ ಮೇಲೆ ಶಾಸನ ಬರೆಯುತ್ತಿರುವ ಹೆಣ್ಣಿನ ಶಿಲ್ಪ ಇರುವುದು ಹುಮನಾಬಾದ್ ತಾಲ್ಲೂಕಿನಲ್ಲಿ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಬರೆದ, ಕಾಶ್ಮೀರದಿಂದ ಬಂದ ಬಿಲ್ಹಣ ಕಾವ್ಯ ಬರೆದ. ಮುಂದೆ ಶರಣರು ಬಂದರು. ಈ ಊರಿನವರು ಇದರ ಮೇಲೆ ಸಂಶೋಧನೆ ಮಾಡಬೇಕೆಂದರೆ ಉರ್ದು ದಾಖಲೆಗೆ ಹೈದರಾಬಾದಿನ ತಾರ್ನಾಕಾದ ರಾಜ್ಯ ಪತ್ರಾಗಾರಕ್ಕೇ ಹೋಗಬೇಕು. ಬೀದರ್ ವಿಶ್ವವಿದ್ಯಾಲಯ ಕನ್ನಡ, ಮರಾಠಿ, ಉರ್ದು ಮೂರೂ ಬಲ್ಲ ವಿದ್ಯಾರ್ಥಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಆ ದಾಖಲೆಗಳ ಪ್ರತಿ ತರಿಸಿಕೊಂಡು, ಮೋಡಿ ಓದುವುದನ್ನು ಕಲಿಸುವ ಒಂದು ಕೋರ್ಸು ಶುರುಮಾಡಿದರೆ, ಬೆಂಗಳೂರಿನವರೂ ಇಲ್ಲಿಗೆ ಓದಲು ಬರುತ್ತಾರೆ.

ವಿಜ್ಞಾನದವರ ಕಥೆ ಸ್ವಲ್ಪ ನೇರ. ರಸಾಯನ ವಿಜ್ಞಾನದ ಎಂ.ಎಸ್ಸಿ. ಸೀಟಿಗೆ ಬೇಡಿಕೆ ಬರುವುದು ಹೆದ್ದಾರಿಯಿಂದ. ಹುಮನಾಬಾದಿನ ಕೈಗಾರಿಕಾ ಪ್ರದೇಶದಿಂದ ಹಿಡಿದು ಪಟಾನ್‌ಚೆರುವಿನವರೆಗೆ ಔಷಧ, ರಾಸಾಯನಿಕ ಕಾರ್ಖಾನೆಗಳಿವೆ. ಪ್ರಯೋಗಾಲಯದಲ್ಲಿ ಉಪಕರಣ ಕೆಟ್ಟು ನಿಂತಿದ್ದರೆ ಅದನ್ನು ಮುಟ್ಟದೇ ಪಾಸಾದವನನ್ನು ಆ ಕಾರ್ಖಾನೆಯವರು ಸಂದರ್ಶನದ ಮೊದಲ ಪ್ರಶ್ನೆಯಲ್ಲೇ ಗುರುತಿಸುತ್ತಾರೆ.

ಕೊನೆಗೆ ಪಿಎಚ್.ಡಿ. ಇಲ್ಲಿ ಅಧ್ಯಾಪಕರ ಕೊರತೆ ಬರೀ ಗೋಳಿನ ಮಾತಾಗದೆ ಲೆಕ್ಕವಾಗಿ ಕಣ್ಣಿಗೆ ಬೀಳುತ್ತದೆ. ಯುಜಿಸಿಯ 2022ರ ನಿಯಮದಂತೆ ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಇಬ್ಬರೇ ಸಹಾಯಕ ಪ್ರಾಧ್ಯಾಪಕರಿರುವ ವಿಭಾಗದಲ್ಲಿ ಎಂಟು ಸೀಟು ತುಂಬಿದರೆ ಮುಂದಿನ ಮೂರು ನಾಲ್ಕು ವರ್ಷ ಬಾಗಿಲು ಮುಚ್ಚಿದಂತೆ. ಅದೇ ನಿಯಮ ಎಂ.ಫಿಲ್. ನಿಲ್ಲಿಸಿತು. ಎಂ.ಎ.ಯಿಂದ ಸಂಶೋಧನೆಗೆ ಹೋಗಲು ಹಳ್ಳಿಯ ವಿದ್ಯಾರ್ಥಿಗೆ ಇದ್ದ ನಡುವಿನ ಮೆಟ್ಟಿಲು ಅದು. ಜೆಆರ್‌ಎಫ್ ಪಾಸಾದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ; ಪಾಸಾಗದವರು ಅತಿಥಿ ಉಪನ್ಯಾಸಕರಾಗಿ ದುಡಿಯುತ್ತ, ರಜೆಯಲ್ಲಿ ಕ್ಷೇತ್ರಕಾರ್ಯ ಮಾಡುತ್ತ ಬರೆಯುತ್ತಾರೆ. ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚಿನ ಅವಧಿ, 240 ದಿನಗಳ ಹೆರಿಗೆ ರಜೆ ಆ ನಿಯಮದಲ್ಲಿವೆ. ಇದು ಗೊತ್ತಿಲ್ಲದೆ ನೋಂದಣಿ ಕೈಬಿಡುವವರು ಇರುವ ತನಕ ವಿಭಾಗದ ಸೂಚನಾ ಫಲಕದಲ್ಲಿ ಇದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಬೇಕು.

ಈ ವರ್ಷ ಅರ್ಜಿ ಹಾಕುವವರಿಗೆ ನನ್ನ ಒಂದು ವಿನಂತಿ ಇದೆ. ಸೀಟು ಆರಿಸುವ ಮೊದಲು ಆ ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಕಾಯಂ ಅಧ್ಯಾಪಕರು ಎಷ್ಟು, ಕಳೆದ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ನಾಲ್ಕನೆಯ ಸೆಮಿಸ್ಟರಿನವರೆಗೆ ಉಳಿದರು, ಹಾಸ್ಟೆಲಿನಲ್ಲಿ ಜಾಗ ಉಂಟೇ, ಗ್ರಂಥಾಲಯ ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ಕೇಳಿ. ಉತ್ತರವನ್ನು ಕಚೇರಿಯಲ್ಲಿ ಕೇಳುವ ಜೊತೆಗೆ ಎರಡನೆಯ ವರ್ಷದ ವಿದ್ಯಾರ್ಥಿಗಳನ್ನೂ ಕೇಳಿ. ಹಾಸ್ಟೆಲು ಸಿಗುವುದಾದರೆ, ಮನೆ 60 ಕಿಲೋಮೀಟರ್ ದೂರದಲ್ಲಿದ್ದರೂ, ಹಾಸ್ಟೆಲಿಗೇ ಅರ್ಜಿ ಹಾಕಿ.